ಎರಡು ಕ್ಯಾನು, ಒಂದು ಕೋಳಿ

ಉದಯಶಂಕರ್ ಆ ಎರಡು ಕ್ಯಾನುಗಳನ್ನು ಸೋಪು ಹಾಕಿ ತೊಳೆಯದೇ ಇದ್ದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಆದರೆ ತೊಳೆಯದೆ ಬಿಡುವುದು ಅವನ ಸ್ವಭಾವದಲ್ಲಿರಲಿಲ್ಲ. ಬಸ್ಸಿನಲ್ಲಿ ತೆಗೆದುಕೊಂಡ ಟಿಕೆಟ್ಟನ್ನು ಇಳಿದ ಮೇಲೂ ಯಾರಾದರೂ ಕೇಳಿಯಾರೆಂದು ಮನೆಯವರೆಗೆ ಮುಷ್ಟಿಯಲ್ಲಿ ಹಿಡಿದು ತರುವ ಮನುಷ್ಯ ಅವನು.

ಮಾಗಡಿಯಲ್ಲಿ ಅವನದು ಮಾವನ ಮನೆಯ ವಾಸ. ಮಾವ ಚನ್ನಲಿಂಗಪ್ಪನವರಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಅಂಗಡಿಯ ಮೂಟೆಗಳನ್ನು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸುವುದಕ್ಕೆ ಒಂದು ಹಳೆಯ ಡೀಸೆಲ್ ಟೆಂಪೊ. ಆ ಟೆಂಪೊಗೆ ಉದಯಶಂಕರ್. ಟೆಂಪೊ ಬಿಡುತ್ತಿದ್ದ ಕಪ್ಪು ಹೊಗೆ ಎಷ್ಟಿತ್ತೆಂದರೆ ಅದು ಬೀದಿಗೆ ಬಂದ ಕೂಡಲೆ ಹೆಂಗಸರು ಒಣಹಾಕಿದ ಬಟ್ಟೆಗಳನ್ನು ಒಳಗೆ ಒಯ್ಯುತ್ತಿದ್ದರು. ಇದರಿಂದ ನೊಂದ ಉದಯಶಂಕರ್ ರಾಮನಗರದಲ್ಲಿ ಜೈವಿಕ ಇಂಧನದ ಬಗ್ಗೆ ನಡೆದ ಆರು ವಾರಗಳ ಸಂಜೆ ತರಗತಿಗೆ ಸೇರಿದ. ನೆಲದಿಂದ ತೆಗೆಯುವ ಎಣ್ಣೆ ಒಂದು ದಿನ ಮುಗಿಯುತ್ತದೆ, ಅದರ ಹೊಗೆ ಮಾತ್ರ ಆಕಾಶದಲ್ಲೇ ಉಳಿಯುತ್ತದೆ. ಬೀಜದಿಂದ, ಕಸದಿಂದ ತೆಗೆಯುವ ಎಣ್ಣೆ ಹಾಗಲ್ಲ ಎಂದು ಮೇಷ್ಟ್ರು ಹೇಳಿದ್ದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡೆರಡು ಸಲ ಬರೆದುಕೊಂಡ. ಸರ್ಟಿಫಿಕೇಟು ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಟೆಂಪೊದ ಹಿಂದೆ ಹಸಿರು ಬಣ್ಣದಲ್ಲಿ ಬರೆಸಿದ: 'ಈ ವಾಹನ ಹೊಂಗೆ ಎಣ್ಣೆಯಿಂದ ಚಲಿಸುತ್ತದೆ.'

ಸತ್ಯಕ್ಕೆ ತಲೆಬಾಗುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಬರೆಸಿದ ದಿನದವರೆಗೆ ಆ ವಾಹನ ಒಂದು ತೊಟ್ಟು ಹೊಂಗೆ ಎಣ್ಣೆಯನ್ನೂ ಕುಡಿದಿರಲಿಲ್ಲ.

ತಪ್ಪು ಸರಿಪಡಿಸಲು ಅವನು ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಮೆಹ್ರೀನಳ ಬಳಿ ಹೋದ. ರಾಮನಗರದಲ್ಲಿ ಅವಳ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯಿಸಿ ನೂಲು ಬಿಚ್ಚಿಕೊಂಡ ಮೇಲೆ ಒಳಗಿನ ಹುಳು ಉಳಿಯುತ್ತದೆ. ಮೊದಲೆಲ್ಲ ಅದು ಕೋಳಿಗೆ, ಮೀನಿಗೆ ಹೋಗುತ್ತಿತ್ತು. ಮೆಹ್ರೀನ್ ಅದನ್ನು ಒಣಗಿಸಿ, ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಿದ್ದಳು. ಜೊತೆಗೆ ಹೊಂಗೆ ಎಣ್ಣೆಯನ್ನೂ. ಅವಳು ಐದೈದು ಲೀಟರಿನ ಎರಡು ಬಿಳಿ ಕ್ಯಾನು ಕೊಟ್ಟು, "ಒಂದು ಹೊಂಗೆ, ಒಂದು ಹುಳ. ಸ್ಟಿಕ್ಕರ್ ಅಂಟಿಸಿದೀನಿ ನೋಡಿ ಅಣ್ಣಾ. ಡೀಸೆಲ್ ಜೊತೆ ಒಸಿ ಒಸಿ ಬೆರೆಸಿ ಓಡಿಸಿ. ಯಾವುದ್ರಲ್ಲಿ ಹೊಗೆ ಕಮ್ಮಿ ಅಂತ ಬರ್ಕೊಂಡು ಬನ್ನಿ," ಎಂದಳು.

ಚನ್ನಲಿಂಗಪ್ಪನವರ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕು. ಅಂಥ ಮನೆಗೆ ಹುಳದ ಎಣ್ಣೆ ತರುವುದೆಂದರೆ ಏನು ಎಂದು ಉದಯಶಂಕರನಿಗೆ ಗೊತ್ತಿತ್ತು. ಟೆಂಪೊದಲ್ಲೇ ಇಟ್ಟುಕೊಂಡು ಟೆಂಪೊದಲ್ಲೇ ಮುಗಿಸುತ್ತೇನೆ ಎಂದುಕೊಂಡ. ಆದರೆ ಕ್ಯಾನುಗಳ ಹೊರಗೆಲ್ಲ ಜಿಡ್ಡು. ಜಿಡ್ಡು ಕಂಡ ಮೇಲೆ ಕೈ ಸುಮ್ಮನಿರಲಿಲ್ಲ. ಬೆಳಿಗ್ಗೆ ನಲ್ಲಿಯ ಕೆಳಗೆ ಕೂತು ಉಜ್ಜಿದ. ಕ್ಯಾನುಗಳು ಮಿಂಚಿದವು. ಸ್ಟಿಕ್ಕರುಗಳು ಚರಂಡಿಯಲ್ಲಿ ತೇಲಿ ಹೋದವು.

ಒಂದು ಕ್ಯಾನನ್ನು, ಯಾವುದೋ ಒಂದನ್ನು, ಡೀಸೆಲ್ ಟ್ಯಾಂಕಿಗೆ ಸುರಿದು, ಖಾಲಿಯಾದ ಕ್ಯಾನಿನ ಒಳಗನ್ನೂ ಸೋಪು ಹಾಕಿ ತೊಳೆದ. ಇನ್ನೊಂದನ್ನು ಒಣಗಲೆಂದು ಜಗುಲಿಯ ಮೇಲಿಟ್ಟು ಗುಡೇಮಾರನಹಳ್ಳಿಗೆ ಮೂಟೆ ಹಾಕಿ ಬರಲು ಹೋದ. ಹನ್ನೊಂದಕ್ಕೆ ವಾಪಸು ಬಂದರೆ ಜಗುಲಿಯ ಮೇಲೆ ಕ್ಯಾನು ಇಲ್ಲ.

"ಅತ್ತೆ, ಇಲ್ಲೊಂದು ಕ್ಯಾನಿತ್ತಲ್ಲ?"

ಅತ್ತೆ ವಿಮಲಮ್ಮ ಹೂ ಕಟ್ಟುತ್ತಿದ್ದವರು ತಲೆಯೆತ್ತಿದರು. "ನಿನ್ನ ಟೆಂಪೊ ಹಿಂದೆ ಬರ್ಸಿದ್ಯಲ್ಲ, ಆ ಹೊಂಗೆ ಎಣ್ಣೆದಾ? ಗದ್ದುಗೆಗೆ ತಕ್ಕೊಂಡೋದೆ ಕಣಪ್ಪ. ನಮ್ಮ ಬಾಟ್ಲಿಗೆ ಇರುವೆ ಬಿದ್ದು ಸತ್ತೋಗಿದ್ದೊ. ಅದನ್ನ ಹೆಂಗೆ ದೀಪಕ್ಕೆ ಹುಯ್ಯಾದು? ಒಂದು ಜೀವ ಹೋಗಿರೋ ಎಣ್ಣೆ."

ಉದಯಶಂಕರ್ ಅಲ್ಲೇ ಜಗುಲಿಯ ಮೇಲೆ ಕೂತ.

ವಿಷಯ ಏನೆಂದರೆ, ಬೀದಿಯ ತುದಿಯಲ್ಲಿ ಹೊಂಗೆ ಮರದ ಕೆಳಗೆ ಅಜ್ಜಯ್ಯನ ಗದ್ದುಗೆಯಿದೆ. ಹಿಂದೆ ಈ ಊರಲ್ಲಿದ್ದ ಸ್ವಾಮಿ ಅಜ್ಜಯ್ಯ ಐಕ್ಯರಾದ ಜಾಗ, ಈಗ ಸಣ್ಣ ಕಲ್ಲುಗುಡಿ. ಪ್ರತಿ ಕಾರ್ತಿಕದಲ್ಲಿ ಹನ್ನೊಂದು ದಿನ ಅಲ್ಲಿ ಹೊಂಗೆ ಎಣ್ಣೆಯ ದೀಪ ಆರದಂತೆ ಉರಿಯಬೇಕು. ಆ ದೀಪದ ಸೇವೆ ಮೂರು ತಲೆಮಾರಿನಿಂದ ಚನ್ನಲಿಂಗಪ್ಪನವರ ಮನೆಯದು. ಕಟ್ಟಳೆ ಎರಡೇ: ಹುಯ್ದ ಎಣ್ಣೆಯನ್ನು ಹೊರಗೆ ತೆಗೆಯುವಂತಿಲ್ಲ, ದೀಪ ಆರಿದರೆ ಅಥವಾ ಮೈಲಿಗೆಯಾದರೆ ಸೇವೆ ಎದುರು ಮನೆಗೆ ಹೋಗುತ್ತದೆ. ಎದುರು ಮನೆ ಬೋರಲಿಂಗಯ್ಯನದು. ಬೋರಲಿಂಗಯ್ಯ ಇಪ್ಪತ್ತು ವರ್ಷದಿಂದ ಪ್ರತಿ ಕಾರ್ತಿಕದಲ್ಲೂ ತನ್ನ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡುತ್ತಾ ಬಂದಿದ್ದಾನೆ. ಅಂದು ಹತ್ತನೆಯ ದಿನ.

"ಹುಯ್ದಾಯ್ತಾ ಅತ್ತೆ?"

"ಬೆಳಿಗ್ಗೆನೇ ಹುಯ್ದೆ. ಏನು ಚೆಂದ ಉರೀತದೆ ಅಂತೀಯ. ನಂಗೆ ಈ ಮೂಗಿಗೆ ನಶ್ಯ ಬಿಟ್ರೆ ಬೇರೆ ವಾಸ್ನೆ ಗೊತ್ತಾಗಕಿಲ್ಲ, ಆದ್ರೆ ಕಣ್ಣು ಚೆನ್ನಾಗವೆ. ಒಸಿನೂ ಮಸಿ ಇಲ್ಲ. ಮೂವತ್ತು ವರ್ಷದಲ್ಲಿ ಇಂಥ ದೀಪ ನೋಡಿಲ್ಲ."

ಅವರು ಹೊಗಳಿದಷ್ಟೂ ಉದಯಶಂಕರನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹೊಂಗೆ ಎಣ್ಣೆಯ ದೀಪವೆಂದರೆ ಮಸಿ ಹಿಡಿಯಲೇಬೇಕು. ಮಸಿ ಇಲ್ಲವೆಂದರೆ ಅದು ಮೆಹ್ರೀನ್ ಚೆನ್ನಾಗಿ ಸೋಸಿದ ಹೊಂಗೆಯಾಗಿರಬೇಕು. ಇಲ್ಲವಾದರೆ ಅದರ ಹೆಸರು ಹೇಳುವಂತಿಲ್ಲ.

ಟೆಂಪೊದ ಹಿಂದೆ ನಿಂತು ಫೋನ್ ಮಾಡಿದ.

"ಮೆಹ್ರೀನ್, ನಿಮ್ಮ ಎರಡು ಎಣ್ಣೆಗೂ ಏನು ವ್ಯತ್ಯಾಸ?"

"ಸ್ಟಿಕ್ಕರ್ ಮೇಲೆ ಬರೆದಿದೀನಲ್ಲಣ್ಣ."

"ಸ್ಟಿಕ್ಕರ್ ಹೋಯ್ತು. ತೊಳೆದೆ."

"ಯಾಕೆ ತೊಳೆದ್ರಿ?"

"ಜಿಡ್ಡಿತ್ತು."

"ಎಣ್ಣೆ ಕ್ಯಾನಲ್ಲಿ ಜಿಡ್ಡಿರದೆ ಹುಣಸೆಹಣ್ಣಿರ್ತದಾ ಅಣ್ಣಾ?"

"ಬಣ್ಣ ನೋಡಿ ಹೇಳಬಹುದಾ? ವಾಸನೆ?"

"ಎರಡೂ ಒಂದೇ ಬಣ್ಣ. ವಾಸ್ನೆ ತೆಗೆಯೋದ್ರಲ್ಲೇ ನಾನು ಒಂದು ವರ್ಷ ಕಳೆದಿದೀನಿ, ನಮ್ಮದ್ರಲ್ಲಿ ವಾಸ್ನೆನೇ ಬರಲ್ಲ," ಎಂದು ಮೆಹ್ರೀನ್ ಹೆಮ್ಮೆಯಿಂದ ಹೇಳಿದಳು. "ಆದ್ರೆ ಹೊಂಗೆ ಕಹಿ ಮಾತ್ರ ಏನು ಮಾಡಿದ್ರೂ ಹೋಗಲ್ಲ. ಒಂದು ತೊಟ್ಟು ನಾಲಗೆ ಮೇಲೆ ಹಾಕ್ಕೊಳ್ಳಿ. ಕಹಿ ಇದ್ರೆ ಹೊಂಗೆ."

"ಕಹಿ ಇಲ್ದಿದ್ರೆ?"

"ಹುಳ."

"ನಾಲಗೆ ಮೇಲೆ ಹಾಕ್ಕೊಂಡ ಮೇಲೆ?"

ಮೆಹ್ರೀನಳಿಗೆ ಅವನ ಕಷ್ಟ ಅರ್ಥವಾಯಿತು. ಒಳ್ಳೆಯ ಹುಡುಗಿ, ನಗಲಿಲ್ಲ. "ಹಂಗಾದ್ರೆ ಕೋಳಿ ತನ್ನಿ. ಅನ್ನದಲ್ಲಿ ಅದ್ದಿ ಇಡಿ. ಹುಳದ್ದಾದ್ರೆ ಕೋಳಿ ಬಿಡಲ್ಲ. ಹೊಂಗೆದಾದ್ರೆ ಮುಟ್ಟಲ್ಲ."

ಕ್ಯಾನು ಇದ್ದದ್ದು ಗದ್ದುಗೆಯಲ್ಲಿ, ದೀಪದ ಪಕ್ಕ. ಅದನ್ನು ಹೊತ್ತು ತಂದರೆ ಬೋರಲಿಂಗಯ್ಯ ಯಾಕೆ ಎಂದು ಕೇಳುತ್ತಾನೆ. ಆದ್ದರಿಂದ ಕ್ಯಾನಿನ ಬಳಿಗೆ ಕೋಳಿ ಹೋಗಬೇಕು. ಇದು ತರ್ಕಬದ್ಧವಾಗಿಯೇ ಇತ್ತು. ತರ್ಕಬದ್ಧವಾಗಿ ಯೋಚಿಸಿದಾಗಲೆಲ್ಲ ಉದಯಶಂಕರನಿಗೆ ಇಂಥದ್ದೇ ಆಗುತ್ತಿತ್ತು.

ಸಾವನದುರ್ಗದ ರಸ್ತೆಯಲ್ಲಿ ಹನುಮಂತಮ್ಮ ಎಂಬಾಕೆ ನಾಟಿ ಕೋಳಿ ಸಾಕಿದ್ದಳು. ಉದಯಶಂಕರ್ ಹೋಗಿ, ಒಂದು ಕೋಳಿ ಎರಡು ಗಂಟೆಯ ಮಟ್ಟಿಗೆ ಬೇಕೆಂದ.

"ಎರಡು ಗಂಟೆಗೆ ಕೋಳಿ ತಕ್ಕೊಂಡು ಏನ್ ಮಾಡೀರಿ?" ಹನುಮಂತಮ್ಮ ಸೊಂಟದ ಮೇಲೆ ಕೈಯಿಟ್ಟಳು. "ತಿನ್ನಾಕೆ ಅಂದ್ರೆ ಕೊಡ್ತೀನಿ. ಸಾಕಾಕೆ ಅಂದ್ರೂ ಕೊಡ್ತೀನಿ. ಎರಡು ಗಂಟೆಗೆ ಅಂದ್ರೆ ಏನ್ ಅರ್ಥ?"

"ಒಂದು ವಿಷಯದಲ್ಲಿ ಅದರ ಅಭಿಪ್ರಾಯ ಬೇಕಿತ್ತು."

ಹನುಮಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ವಿಭೂತಿ ಹಚ್ಚಿದ ಹಣೆಯನ್ನು ಮತ್ತೊಮ್ಮೆ ನೋಡಿ, ಒಂದು ಕೆಂಪು ಹ್ಯಾಟೆ ಕೋಳಿಯನ್ನು ಅವನ ವೈರ್ ಬ್ಯಾಗಿಗೆ ತುರುಕಿದಳು. "ನಾಕು ಗಂಟೆಗೆ ನಾನೇ ಬಂದು ಈಸ್ಕೊತೀನಿ. ಒಂದು ಪುಕ್ಕ ಕಮ್ಮಿ ಇರಬಾರದು."

ಮಧ್ಯಾಹ್ನ ಒಂದೂವರೆ. ಅರ್ಚಕರು ಊಟಕ್ಕೆ ಹೋಗುವ ಹೊತ್ತು. ಉದಯಶಂಕರ್ ಕರವಸ್ತ್ರದಲ್ಲಿ ಅನ್ನ ಕಟ್ಟಿಕೊಂಡು, ಬ್ಯಾಗಿನ ಮೇಲೆ ಟವೆಲು ಮುಚ್ಚಿ, ಗದ್ದುಗೆಯ ಹಿಂದಿನ ಬಾಗಿಲಿನಿಂದ ಒಳಗೆ ಬಂದ. ದೀಪ ನೆಟ್ಟಗೆ, ಬೆಳ್ಳಗೆ ಉರಿಯುತ್ತಿತ್ತು. ಮಸಿ ಇಲ್ಲ, ಹೊಗೆ ಇಲ್ಲ. ತರಗತಿಯ ಮೇಷ್ಟ್ರು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು. ಅವನು ಕ್ಯಾನಿನ ಮುಚ್ಚಳ ತಿರುಗಿಸಿದ. ಅನ್ನದ ಉಂಡೆಯನ್ನು ಹಿಡಿದ. ಅಷ್ಟರಲ್ಲಿ ಟವೆಲಿನ ಕೆಳಗಿನಿಂದ ಹ್ಯಾಟೆ ತಲೆ ಹೊರಗೆ ಹಾಕಿ, ಸುತ್ತ ನೋಡಿ, ತನ್ನ ಬದುಕಿನಲ್ಲೇ ಅತಿ ಗಟ್ಟಿಯಾದ ದನಿಯಲ್ಲಿ ಕೂಗಿತು.

ಕಲ್ಲಿನ ಗೋಡೆಗಳಿಗೆ ಅಂಥ ದನಿ ಹೊಸದು. ಅವು ಅದನ್ನು ಮೂರು ಸಲ ತಿರುಗಿಸಿ ಹೇಳಿದವು.

ಹ್ಯಾಟೆ ಬ್ಯಾಗಿನಿಂದ ಹಾರಿ, ಮುಂಬಾಗಿಲಿನಿಂದ ಹೊರಗೆ ಓಡಿತು. ಉದಯಶಂಕರ್ ಅದರ ಹಿಂದೆ ಓಡಿದ. ಹೊಂಗೆ ಮರದ ಸುತ್ತ ಎರಡು ಪ್ರದಕ್ಷಿಣೆಯಾಗಿ, ಮೂರನೆಯದರಲ್ಲಿ ಅದರ ಎರಡೂ ರೆಕ್ಕೆ ಹಿಡಿದು ಮೇಲೆತ್ತಿದಾಗ ಎದುರಿಗೆ ಬೋರಲಿಂಗಯ್ಯ ನಿಂತಿದ್ದ. ಅವನ ಕೈಯಲ್ಲಿ ಮೊಬೈಲಿತ್ತು.

"ಒಸಿ ಈ ಕಡೆ ತಿರುಗಪ್ಪ ಉದಯಣ್ಣ. ಗದ್ದುಗೆ ಕಾಣ್ತಿಲ್ಲ," ಎಂದ ಬೋರಲಿಂಗಯ್ಯ.

ಗಾಬರಿಯಲ್ಲಿದ್ದ ಉದಯಶಂಕರ್ ತಿರುಗಿದ.

'ಗದ್ದುಗೆ ಸೇವಾ ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನರಿದ್ದರು. ಎರಡು ಗಂಟೆಯ ಹೊತ್ತಿಗೆ ಇನ್ನೂರ ಹನ್ನೆರಡು ಜನರೂ, ಉದಯಶಂಕರ್ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೋಳಿ ಹಿಡಿದು ಗದ್ದುಗೆಯ ಮುಂದೆ ನಿಂತದ್ದನ್ನು ನೋಡಿದ್ದರು. ಎರಡೂಕಾಲಿಗೆ ಚನ್ನಪಟ್ಟಣದಿಂದ ದೊಡ್ಡತ್ತೆಯ ಫೋನು ಬಂತು. ಅಳಿಯ ಗದ್ದುಗೆಯಲ್ಲಿ ಕೋಳಿ ಕೊಯ್ದನಂತೆ, ಹೌದಾ? ಎರಡೂವರೆಗೆ ಕನಕಪುರದ ಷಡ್ಡಕ ಫೋನು ಮಾಡುವಷ್ಟರಲ್ಲಿ ಕೋಳಿ ಕೊಯ್ದು ಸಾರೂ ಆಗಿತ್ತು. ಅವನಿಗೆ ಬೇಕಾಗಿದ್ದದ್ದು ಯಾವ ಮಸಾಲೆ ಹಾಕಿದ್ದು ಎಂಬ ವಿವರ ಮಾತ್ರ.

ಹೆಂಡತಿ ಯಶೋಧಾ ಬಾಗಿಲಿಗೆ ಅಡ್ಡ ನಿಂತಳು.

"ಏನ್ರೀ ಇದು? ತಿನ್ನೋ ಆಸೆ ಇದ್ರೆ ಬಿಡದಿ ಕಡೆ ಹೋಗಿ ಹೋಟ್ಲಲ್ಲಿ ತಿಂದು ಬರ್ಬಾರ್ದಾ? ಅಲ್ಲಿ ಫ್ಯಾಕ್ಟ್ರಿಯೋರು ಸಾವಿರ ಜನ ತಿಂತಾರೆ, ಯಾರು ನೋಡ್ತಾರೆ?"

"ನನಗೆ ಅಂಥ ಆಸೆ ಇಲ್ಲ, ಯಶೂ."

"ಮತ್ತೆ ಕೋಳಿ ಯಾಕೆ?"

ಇಲ್ಲೇ ಅವನು ಸಿಕ್ಕಿಬಿದ್ದದ್ದು. ಕೋಳಿ ಯಾಕೆಂದು ಹೇಳಿದರೆ ಎಣ್ಣೆಯ ವಿಷಯ ಹೇಳಬೇಕು. ಎಣ್ಣೆಯ ವಿಷಯ ಹೇಳಿದರೆ ಸೇವೆ ಹೋಗುತ್ತದೆ. ಹೇಳದಿದ್ದರೆ ಮಾನ ಹೋಗುತ್ತದೆ. ಮಾನ ಅವನೊಬ್ಬನದು, ಸೇವೆ ಮೂರು ತಲೆಮಾರಿನದು. ಅವನು ಬಾಯಿ ಮುಚ್ಚಿಕೊಂಡ. ಯಶೋಧಾ ಅದನ್ನು ಒಪ್ಪಿಗೆ ಎಂದು ತಿಳಿದು ಅಡುಗೆಮನೆಗೆ ಹೋಗಿ, ಅವನ ತಟ್ಟೆ ಲೋಟಗಳನ್ನು ಬೇರೆ ಇಟ್ಟಳು.

ನಾಲ್ಕು ಗಂಟೆಗೆ ಗದ್ದುಗೆಯ ಅಂಗಳದಲ್ಲಿ ಸಭೆ. ಅರವತ್ತು ಜನ ಸೇರಿದ್ದರು. ಬೋರಲಿಂಗಯ್ಯ ಗಳಿಗೆ ನೋಡಿ ಕಾದವನಂತೆ ರೇಷ್ಮೆ ಪಂಚೆ, ರೇಷ್ಮೆ ಶಲ್ಯ ತೊಟ್ಟು ಬಂದಿದ್ದ. ಚನ್ನಲಿಂಗಪ್ಪನವರು ಅಂಗಡಿಗೆ ಬೀಗ ಹಾಕಿ ಬಂದು ಕಲ್ಲುಕಟ್ಟೆಯ ಮೇಲೆ ಕೂತರು. ಅವರು ಕೂಗಾಡುವವರಲ್ಲ. ಸಿಟ್ಟು ಬಂದಷ್ಟೂ ಅವರ ಮರ್ಯಾದೆ ಹೆಚ್ಚಾಗುತ್ತಿತ್ತು.

"ಅಳಿಯಂದ್ರೇ," ಎಂದರು. "ತಾವು ದಯವಿಟ್ಟು ಒಂದು ಮಾತು ಹೇಳ್ಬೇಕು. ಕೋಳಿ ಯಾಕೆ ತಂದ್ರಿ?"

"ಸಾಕೋಣ ಅಂತ..."

"ಗದ್ದುಗೆ ಒಳಗಾ?" ಎಂದ ಬೋರಲಿಂಗಯ್ಯ. "ಚನ್ನಲಿಂಗಣ್ಣ, ಇನ್ನೇನು ಕೇಳೀಯ ಬುಡು. ಸೇವೆ ಮೈಲಿಗೆ ಆಯ್ತು. ನಾಳೆ ಕೊನೇ ದಿನದ ದೀಪ ನಮ್ಮನೆಯಿಂದ ಬತ್ತದೆ. ಬತ್ತಿನೂ ಹೊಸೆದು ಮಡಗಿವ್ನಿ."

"ಯಾವಾಗ ಹೊಸೆದೆ?" ಎಂದರು ಚನ್ನಲಿಂಗಪ್ಪ.

"ಹದಿನೈದು ವರ್ಷ ಆಯ್ತು."

ಅಷ್ಟರಲ್ಲಿ ಹನುಮಂತಮ್ಮ ಜನರನ್ನು ಸರಿಸಿಕೊಂಡು ಬಂದಳು. ಉದಯಶಂಕರ್ ಅನ್ನ ಹಾಕಿ ಹೊಂಗೆ ಮರಕ್ಕೆ ಕಟ್ಟಿದ್ದ ಹ್ಯಾಟೆಯನ್ನು ಎತ್ತಿ, ಪುಕ್ಕಗಳನ್ನು ನೋಡಿ, "ಕೊಯ್ಯಾಕಲ್ಲ ಕಣ್ರಪ್ಪ ಆವಯ್ಯ ತಂದಿದ್ದು. ಏನೋ ಅಭಿಪ್ರಾಯ ಕೇಳ್ಬೇಕು ಅಂದ. ಕೇಳ್ದ್ರಾ? ಏನಂತು?" ಎಂದಳು.

ಅರವತ್ತು ಜನ ಉದಯಶಂಕರನ ಕಡೆ ತಿರುಗಿದರು. ಅವನು ಮಾವನ ಮುಖ ನೋಡಿದ. ಅವರ ಮೇಲೆ ಬಂದ ಕಳಂಕ ತನ್ನ ಮೌನದಿಂದ ತೊಳೆದುಹೋಗುವುದಿಲ್ಲ ಎಂದು ಅರ್ಥವಾಯಿತು. ಮೆಹ್ರೀನಳಿಂದ ಹಿಡಿದು ಸ್ಟಿಕ್ಕರಿನವರೆಗೆ ಎಲ್ಲವನ್ನೂ ಹೇಳಿದ. ತರಗತಿಯ ರೂಢಿಯಂತೆ, ಮುಖ್ಯ ಅಂಶಗಳನ್ನು ಎರಡೆರಡು ಸಲ ಹೇಳಿದ.

ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹುಳದ್ದಾ," ಎಂದು ಯಾರೋ ಪಿಸುಗುಟ್ಟಿದ್ದು ಹಿಂದಿನ ಸಾಲಿನವರೆಗೆ ಹೋಗಿ ತಿರುಗಿ ಬಂತು.

"ಹುಳದ ಎಣ್ಣೆ," ಬೋರಲಿಂಗಯ್ಯ ಶಲ್ಯ ಸರಿಮಾಡಿಕೊಂಡ. "ಅಜ್ಜಯ್ಯನ ದೀಪದಲ್ಲಿ."

"ನೀವು ಉಟ್ಟಿರೋದು ಏನ್ ಬಾಳೆ ನಾರಾ?" ಎಂದಳು ಹನುಮಂತಮ್ಮ. "ಅದೇ ಹುಳದ ಮನೇನೇ ಅಲ್ವಾ?"

"ಅದು ಮಡಿ."

"ಮನೆ ಮಡಿ, ಮನೆಯೋನು ಮೈಲಿಗೆ. ಸರಿ ಬುಡಿ."

"ಏಯ್, ನೀನು ಕೋಳಿ ತಕ್ಕೊಂಡು ಹೊಂಡಮ್ಮ ಮೊದಲು."

"ಆಯ್ತು, ಬತ್ತೀನಿ. ಆದ್ರೆ ಕೋಳಿ ಅಭಿಪ್ರಾಯ ಈಗ ಕೇಳಿದ್ರೂ ಉಪಯೋಗ ಇಲ್ಲ. ಹೊಟ್ಟೆ ತುಂಬೈತೆ ಅದಕ್ಕೆ," ಎಂದು ಅವಳು ಕಟ್ಟೆಯ ತುದಿಯಲ್ಲೇ ಕೂತಳು. ಇಂಥದ್ದನ್ನು ಬಿಟ್ಟು ಹೋಗುವಷ್ಟು ಕೆಲಸ ಅವಳಿಗೂ ಇರಲಿಲ್ಲ.

ಈಗ ಪ್ರಶ್ನೆ ಒಂದೇ ಉಳಿಯಿತು. ಎಣ್ಣೆ ಕಹಿಯೋ, ಅಲ್ಲವೋ? ನಾಲಗೆಗೆ ಹಾಕಿ ನೋಡಿದರೆ ಒಂದು ಕ್ಷಣದ ಕೆಲಸ. ಆದರೆ ಯಾರ ನಾಲಗೆ? ಅರವತ್ತು ಜನರಲ್ಲಿ ಅರವತ್ತು ನಾಲಗೆಗಳಿದ್ದವು. ಅಲ್ಲಿಯವರೆಗೆ ಎಲ್ಲವೂ ಚುರುಕಾಗಿಯೇ ಇದ್ದವು. ಅರ್ಚಕರು ತಮಗೆ ಉಪವಾಸ ಎಂದರು. ಒಬ್ಬರಿಗೆ ಹಲ್ಲು ಕೀಳಿಸಿದ್ದು ನೆನಪಾಯಿತು. "ನೀನೇ ನೋಡಯ್ಯ," ಎಂದು ಯಾರೋ ಅಂದಾಗ ಬೋರಲಿಂಗಯ್ಯ, "ನಾನ್ಯಾಕೆ? ನಾಳೆ ದೀಪ ಮುಟ್ಟೋನು ನಾನು. ಹುಳದ್ದೇ ಆಗಿದ್ರೆ ನನ್ನ ಬಾಯಿ ಏನಾಗಬೇಕು?" ಎಂದ.

"ತಂದವನು ನಾನು. ನಾನೇ ನೋಡ್ತೀನಿ," ಎಂದ ಉದಯಶಂಕರ್.

ಅರ್ಚಕರು ಕ್ಯಾನು ತಂದು ಕಟ್ಟೆಯ ಮೇಲಿಟ್ಟರು. ಉದಯಶಂಕರ್ ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡ. ಹುಟ್ಟಿದಾಗಿನಿಂದ ಈರುಳ್ಳಿ ತಿನ್ನುವುದಕ್ಕೂ ಎರಡು ಸಲ ಯೋಚಿಸಿದ ನಾಲಗೆ ಅದು. ಕಣ್ಣು ಮುಚ್ಚಿ ಬೆರಳು ಅದ್ದಿ ಬಾಯಿಗಿಟ್ಟ.

ಕಹಿ ಬರಲೆಂದು ಕಾದ. ಅಜ್ಜಯ್ಯನ ಹೆಸರು ಹೇಳಿಕೊಂಡು ಇನ್ನೂ ಸ್ವಲ್ಪ ಕಾದ. ನಾಲಗೆಯನ್ನು ಮೇಲೆ ಕೆಳಗೆ ಆಡಿಸಿದ. ಕಹಿ ಬರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ.

ಕಣ್ಣು ಬಿಟ್ಟಾಗ ಅರವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಟೆಂಪೊದ ಹಿಂದೆ ಬರೆಸಿದ್ದ ಒಂದು ಸುಳ್ಳಿನ ಫಲ ಕಣ್ಣ ಮುಂದೆಯೇ ಇತ್ತು. ಗಂಟಲು ಸರಿಮಾಡಿಕೊಂಡು, "ಇದು..." ಎಂದ.

"ತಡೀರಿ ಅಳಿಯಂದ್ರೇ."

ಚನ್ನಲಿಂಗಪ್ಪನವರು ಎದ್ದು ನಿಂತಿದ್ದರು. ಹನ್ನೊಂದು ವರ್ಷದಿಂದ ಈ ಅಳಿಯನ ಮುಖವನ್ನು ಎರಡು ಹೊತ್ತೂ ಊಟದ ಎದುರಿಗೆ ನೋಡಿದವರು ಅವರು. ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಇಲ್ಲವೋ ಎಂಬುದು ಆ ಮುಖದಲ್ಲಿ ಬರೆದಿರುತ್ತಿತ್ತು. ಈಗಲೂ ಬರೆದಿತ್ತು.

"ಸೇವೆ ನನ್ನ ಹೆಸರಲ್ಲೈತೆ. ರುಚಿ ಹೇಳೋನು ನಾನು," ಎಂದು ಮುಚ್ಚಳ ಕಿತ್ತುಕೊಂಡರು.

"ಮಾವ, ಬ್ಯಾಡಿ. ಕೇಳಿ ಇಲ್ಲಿ, ಅದು..."

"ಸುಮ್ಕಿರಿ ಅಂದೆ."

ಅರವತ್ತೆಂಟು ವರ್ಷ ಮೊಟ್ಟೆಯ ನೆರಳೂ ಬೀಳಿಸಿಕೊಳ್ಳದ ಚನ್ನಲಿಂಗಪ್ಪನವರು ಬೆರಳು ಅದ್ದಲಿಲ್ಲ. ಮುಚ್ಚಳದಲ್ಲಿದ್ದುದನ್ನು ಪೂರ್ತಿ ಬಾಯಿಗೆ ಹಾಕಿಕೊಂಡರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವರ ಮುಖ ಒಂದು ಕಡೆಯಿಂದ ಸೊಟ್ಟಗಾಗತೊಡಗಿತು. ಮೀಸೆ ಮೇಲೆ ಹೋಯಿತು, ಹುಬ್ಬು ಕೆಳಗೆ ಬಂತು. ಬೇವಿನಕಾಯಿ ಜಗಿದ ಕರುವಿನಂತೆ ತಲೆ ಕೊಡವಿದರು.

"ಥೂ, ಕಹಿ ಅಂದ್ರೆ ಕಹಿ. ಹೊಂಗೆ ಕಣ್ರಯ್ಯಾ."

ಅಂಗಳದಲ್ಲಿ ಒಟ್ಟಿಗೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಬೋರಲಿಂಗಯ್ಯ ಮಾತ್ರ ಕ್ಯಾನಿನ ಹತ್ತಿರ ಒಂದು ಹೆಜ್ಜೆ ಇಟ್ಟ.

"ನಾನೂ ಒಂದು ಕಿತ ನೋಡ್ತೀನಿ."

"ನೋಡು ಬೋರಲಿಂಗ, ನೋಡು," ಚನ್ನಲಿಂಗಪ್ಪನವರು ತಾವೇ ಮುಚ್ಚಳ ತುಂಬಿಸಿ ಅವನ ಮುಂದೆ ಹಿಡಿದರು. "ಕಹಿ ಇದ್ರೆ ಹೊಂಗೆ, ಗೊತ್ತಲ್ಲ, ಹೊಟ್ಟೆಗೋದ್ರೆ ನಾಳೆ ಸಂಜೆವರ್ಗೂ ವಾಂತಿ. ಕಹಿ ಇಲ್ದಿದ್ರೆ ಹುಳ. ಎರಡ್ರಲ್ಲಿ ನಿಂಗೆ ಯಾವುದು ಬೇಕೋ ತಕ್ಕೊ."

ಬೋರಲಿಂಗಯ್ಯ ಮುಚ್ಚಳ ನೋಡಿದ. ತನ್ನ ರೇಷ್ಮೆ ಶಲ್ಯ ನೋಡಿಕೊಂಡ. ತುಂಬ ಹೊತ್ತು ನೋಡಿದ ಮೇಲೆ, "ನೀನು ಸುಳ್ಳು ಹೇಳೀಯಾ ಚನ್ನಲಿಂಗಣ್ಣ," ಎಂದು ಹಿಂದೆ ಸರಿದ. ಅದು ಹೊಗಳಿಕೆಯೋ ಪ್ರಶ್ನೆಯೋ ಯಾರಿಗೂ ತಿಳಿಯಲಿಲ್ಲ. ಜನ ಕರಗಿದರು. ಹನುಮಂತಮ್ಮ ಹ್ಯಾಟೆಯನ್ನು ಕಂಕುಳಲ್ಲಿಟ್ಟುಕೊಂಡು, ಇಷ್ಟಕ್ಕೇನಾ ಎಂಬಂತೆ ಹೊರಟಳು.

ಮಾವ ಅಳಿಯ ಇಬ್ಬರೇ ಉಳಿದರು.

"ಮಾವ, ಅದು ಕಹಿ ಇರಲಿಲ್ಲ."

"ನಂಗೇನು ನಾಲಗೆ ಇಲ್ವಾ?" ಚನ್ನಲಿಂಗಪ್ಪನವರು ಸುತ್ತ ನೋಡಿ ದನಿ ತಗ್ಗಿಸಿದರು. "ಅಂಗಡಿಲಿ ಹೊಂಗೆ ಎಣ್ಣೆ ಐತೆ, ತತ್ತೀನಿ. ಇನ್ಮೇಲೆ ದೀಪಕ್ಕೆ ಅದು. ಇದನ್ನ ಎತ್ಕೊಂಡೋಗಿ ಟೆಂಪೊಗೆ ಹುಯ್ರಿ. ಹುಯ್ದಿರೋದು ಉರ್ಕೊಂಡು ಹೋಗ್ಲಿ, ಅಜ್ಜಯ್ಯಂಗೆ ನಾನು ಹೇಳ್ಕೊತೀನಿ."

"ನನ್ನಿಂದ ನೀವು..."

"ಆಯ್ತು ಆಯ್ತು. ನಡೀರಿ."

ಉದಯಶಂಕರ್ ಕ್ಯಾನನ್ನು ಎದೆಗವಚಿಕೊಂಡು ಹೊರಟ. ಬಾಗಿಲ ಬಳಿ ಬಂದಾಗ ಮಾವ ಹಿಂದಿನಿಂದ ಮತ್ತೆ ಕರೆದರು. ಅವನು ತಿರುಗಿದ. ಅವರು ಮೀಸೆ ಒರೆಸಿಕೊಳ್ಳುತ್ತಾ, ಹೊಂಗೆ ಮರದ ಕಡೆ ನೋಡುತ್ತಾ ನಿಂತಿದ್ದರು.

"ಒಸಿ ಕಡ್ಲೆಕಾಯಿ ಎಣ್ಣೆ ಹಂಗೈತೆ, ಅಲ್ವಾ?"

ಉದಯಶಂಕರ್ ತಲೆ ತಗ್ಗಿಸಿ, "ಹೌದು ಮಾವ. ನಂಗೂ ಹಂಗೇ ಅನ್ನಿಸ್ತು," ಎಂದ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು.

"ಆ ಹೆಣ್ಮಗಳ ತಾವ ಇದು ಇನ್ನೂ ಸಿಕ್ಕದಾ?"

"ಯಾಕೆ ಮಾವ?"

ಚನ್ನಲಿಂಗಪ್ಪನವರು ತಮ್ಮ ಶಲ್ಯವನ್ನು ಭುಜದ ಮೇಲೆ ಸರಿಮಾಡಿಕೊಂಡು, ಅವನನ್ನು ದಾಟಿ ಮುಂದೆ ನಡೆದರು.

"ಟೆಂಪೊಗೆ ಕಣ್ರೀ," ಎಂದರು.